ಒಂದು ನೂಲು

ನನ್ನ ಕೈಗೆ ಕೊಟ್ಟದ್ದು ದಾರದ ತುದಿಯಷ್ಟೇ.
ಆಚೆ ತುದಿ ಲಾಡ್ಲೇಸಾಬ ಗೌಂಡಿಯ ಹಲ್ಲಿನಲ್ಲಿ,
ನಡುವೆ ಹದಿನಾಲ್ಕು ಅಡಿ ಗಾಳಿ,
ತಾಳಿಕೋಟಿಯ ಕೆಳದಂಡೆ, ಡೋಣಿಯ ಉಪ್ಪುನೀರಿನ ವಾಸನೆ.
‘ಬಿಗಿ ಹಿಡಿ ಹುಡುಗಿ, ದಾರ ಜೋತರ
ಕಲ್ಲೂ ಜೋಲತೈತಿ.’
ಹಲ್ಲು ಬಿಡದೆ ಆಡಿದ ಮಾತು,
ಅರ್ಧ ದಾರವೇ ತಿನ್ನುತ್ತಿತ್ತು.

ಕೆಳಗೆ ಅಪ್ಪ ಕುಕ್ಕರಗಾಲಲ್ಲಿ, ಕರಿಕಲ್ಲಿನ ಎದುರು.
ಚಾಣ ಹಚ್ಚುವ ಮೊದಲು ಕಲ್ಲಿನ ಬೆನ್ನಿಗೆ ಕಿವಿಕೊಟ್ಟು
ಸಣ್ಣ ಸುತ್ತಿಗೆಯಿಂದ ತಟ್ಟುವನು.
ಕಂಚಿನ ದನಿ ಬಂದರೆ ಹೂಂ;
ಒಡಕು ಗಡಿಗೆಯ ದನಿ ಬಂದರೆ ಪಕ್ಕಕ್ಕುರುಳಿಸಿ
ಅದರ ಮೇಲೇ ಕೂತು ಬೀಡಿ ಹಚ್ಚುವನು.
ಆಮೇಲೆ ನಾಲ್ಕೂ ಅಂಚಿಗೆ ಎರಡೆರಡು ಬೆರಳಗಲ ಪಟ್ಟಿ,
ಇರುವೆ ಸಾಲು ಹಾದುಹೋದಂಥ ಏಟಿನ ಗುರುತು;
ನಡುವಿನ ಉಬ್ಬು ಕಡೆಗೆ.

ನೂಲು ಅಂದರೆ ಅಲ್ಲಿ ದಾರವಲ್ಲ,
ಇಂಚಿನ ಎಂಟನೇ ಪಾಲು.
‘ಎಷ್ಟು ಹೊರಗ ಬಂದೈತಿ?’
‘ಎರಡು ನೂಲು.’
ಅವ್ವ ಕುಬಸಕ್ಕೆ ಹಾಕುವುದೂ
ಅಪ್ಪ ಕಲ್ಲಿಂದ ತೆಗೆಯುವುದೂ ಒಂದೇ ಎಂದು
ಬಹಳ ದಿನ ನಂಬಿದ್ದೆ.

ಒಂಬತ್ತನೇ ವರಸೆ ಏರುವಾಗ
ನೀರಿಗೆ ಎದುರಾದ ಮೂತಿಯ ಕಡೆ
ಒಂದು ಕಲ್ಲು ಬಂದು ಕೂತಿತು ನೋಡಿ,
ಸಂದಿಯಲ್ಲಿ ಅಂಚೆ ಕಾರ್ಡು ತೂರದು.
ಓವರ್‌ಸಿಯರ್ ಭೇಷ್ ಅಂದ.
ಲಾಡ್ಲೇಸಾಬ ಏನೂ ಅನ್ನಲಿಲ್ಲ.
ಸಾಹೇಬರ ಸೈಕಲ್ಲು ದಿಬ್ಬ ದಾಟಿದ ಮೇಲೆ
ಹಾರೆ ತರಿಸಿ ಕಲ್ಲು ಮಗುಚಿದ.

ಹೊಟ್ಟೆ ಪೊಳ್ಳು. ಪರಾತದ ಹಾಗೆ ತಗ್ಗು ಕೆತ್ತಿದ್ದರು.
‘ಮುಖಕ್ಕ ಮುಖ ಹತ್ತೈತಿ.
ಹೊಟ್ಟಿಗಿ ಹೊಟ್ಟಿ ಹತ್ತಿಲ್ಲ.
ಮ್ಯಾಲ ಭಾರ ಬಂದ ದಿನ
ಅಂಚು ಚಿಟ್ಟಂತೈತಿ.’

ಮಗ್ಗುಲಲ್ಲಿ ಮೂರು ಗೀರು, ಒಂದು ಚುಕ್ಕಿ.
ಓದು ಬಾರದ ನನಗೆ
ಓದಲು ಬರುತ್ತಿದ್ದ ಏಕೈಕ ಸಹಿ ಅದು.
ಕಲ್ಲಿಗೆ ನಾಲ್ಕೂವರೆ ರೂಪಾಯಿ ಲೆಕ್ಕ.
ಆ ವಾರ ತಮ್ಮನಿಗೆ ಜ್ವರ, ಎರಡು ದಿನದ ಕೂಲಿ ಮುರಿದಿತ್ತು.
ಅಪ್ಪ ಸುತ್ತಿಗೆಯ ಕಾವು ನೋಡುತ್ತ ನಿಂತ,
ಅದನ್ನು ಮೊದಲ ಸಲ ಕಂಡವನಂತೆ.

ಗೌಂಡಿ ಆ ಗೀರುಗಳ ಮೇಲೆ ತನ್ನ ಹೆಗಲ ವಸ್ತ್ರ ಹಾಸಿ
‘ಹುಲಗಪ್ಪ, ಇದು ಯಾರದೋ ಏನೋ,
ನಾಳೆ ಮುಂಜಾನಿಗೆ ತಯಾರಿರಲಿ’ ಎಂದು
ನನ್ನನ್ನು ನೀರಿಗೆ ಕಳಿಸಿದ.

ರಾತ್ರಿ ಕಂದೀಲು ಹಿಡಿದವಳು ನಾನು.
ತಗ್ಗಿಗೆ ಕಲ್ಲು ತುಂಬಲಾಗದು;
ತಗ್ಗಿನ ಸಮಕ್ಕೆ ಅಂಚನ್ನೇ ಇಳಿಸಬೇಕು.
ಕಿಡಿ ಹಾರಿ ಅಪ್ಪನ ಮೊಣಕೈ ಕೂದಲು ಸುಟ್ಟ ವಾಸನೆ.
ಮಾತಿಲ್ಲ. ಒಮ್ಮೆ ಮಾತ್ರ,
‘ಬೆಳಕು ಅಲ್ಲಾಡಸಬ್ಯಾಡ’ ಅಂದ.
ಬೆಳಕು ಅಲ್ಲಾಡಿರಲಿಲ್ಲ.

ಬೆಳಗ್ಗೆ ಕಲ್ಲು ಕೂತಿತು, ಹೊಟ್ಟೆಗೆ ಹೊಟ್ಟೆ.
ಎತ್ತರ ಮಾತ್ರ ಒಂದು ನೂಲು ಕಮ್ಮಿ.
ಅಷ್ಟು ಗಾರೆ ಹೆಚ್ಚು ಉಂಡಿತು.

ಆಮೇಲೆ ರಸ್ತೆಯೇ ಮೇಲುದಂಡೆಗೆ ಸರಿಯಿತು.
ಅಲ್ಲೊಂದು ಕಾಂಕ್ರೀಟಿನ ಸೇತುವೆ.
ಇಲ್ಲಿ ಮೂರು ಕಂಬ, ಮೇಲೇನೂ ಇಲ್ಲ,
ಕೊಕ್ಕರೆ ಕೂರುತ್ತದೆ, ಅದರ ತೂಕ ಎಷ್ಟು.
ಯಾರೋ ಎಮ್ಮೆ ಕಟ್ಟಿ ಮೀಯಿಸುತ್ತಾರೆ.
ಲಾಡ್ಲೇಸಾಬ ತೀರಿಕೊಂಡ. ಅಪ್ಪನೂ.
ಭಾರ ಬರಲೇ ಇಲ್ಲ.
ಆ ಪೊಳ್ಳು ಕಲ್ಲು ಹಾಗೇ ಇದ್ದಿದ್ದರೂ
ಯಾರಿಗೂ ತಿಳಿಯುತ್ತಿರಲಿಲ್ಲ ಎಂದು
ನನ್ನ ಮಗ ನಗುತ್ತಾನೆ.
ಅವನು ಹೇಳಿದ್ದು ನಿಜ.

ಬೇಸಿಗೆಯಲ್ಲಿ ಡೋಣಿ ಮೊಣಕಾಲಿಗಿಳಿದಾಗ
ಒಳಂಬದ ಗುಂಡು ತಗೊಂಡು ಬರುತ್ತೇನೆ.
ದಾರದ ಆಚೆ ತುದಿಗೆ ಈಗ ಯಾರೂ ಇಲ್ಲ.
ಏಣಿ ಹತ್ತಿ ಒಂಬತ್ತನೇ ವರಸೆಯಲ್ಲಿ ಕೈಯಾಡಿಸಿದರೆ
ಬೇರೆಲ್ಲೂ ತೂರದ ಉಗುರು
ಅಲ್ಲೊಂದು ಕಡೆ ತೂರುತ್ತದೆ:
ಉಪ್ಪು ತಿಂದು ಗಾರೆ ಸವೆದಿದೆ.
ಆ ಸಂದಿಗೇ ಗಂಟು ಸಿಕ್ಕಿಸಿ ಗುಂಡು ಬಿಡುತ್ತೇನೆ.

ಗಾಳಿ. ಗುಂಡು ತೂಗುತ್ತದೆ.
ನಿಲ್ಲಲಿ ಎಂದು ಕಾಯುತ್ತೇನೆ,
ಕೈ ಅಲ್ಲಾಡಿಸದೆ.